ರಾತ್ರಿ ಮಾತ್ರ ಸೆನ್ಸರ್ 'ಲೋ ಶುಗರ್' ಅಂತ ಕೂಗುವುದು

ರಾತ್ರಿ ಇನ್ಸುಲಿನ್ ತಗೊಳ್ಳುವ ನಿಮ್ಮ ತಾಯಿಯ ತೋಳಿಗೆ ಅಂಟಿಸಿದ ಶುಗರ್ ಸೆನ್ಸರ್ (ಸದಾ ಶುಗರ್ ಅಳೆಯುವ ಸಾಧನ) ನಡುರಾತ್ರಿ ಮಾತ್ರ 55 ತೋರಿಸಿ ಕೂಗುವುದು ಯಾಕೆ ಎಂದು ಕೇಳಿದ್ದೀರಿ. ಹೆಚ್ಚಾಗಿ ಕಾರಣ, ಅವರು ಆ ಮಗ್ಗುಲಿಗೇ ಮಲಗುವುದು. ಭಾರ ಬಿದ್ದ ಕಡೆ ರಕ್ತದ ಓಡಾಟ ಕಡಿಮೆಯಾಗಿ ಸೆನ್ಸರ್ ಸುಳ್ಳು ಲೋ ತೋರಿಸುತ್ತದೆ. ಗ್ರಾಫಿನ ಗೆರೆ ದಿಢೀರ್ ಕುಸಿದು, ಹೊರಳಿದ ಮೇಲೆ ಅಷ್ಟೇ ಬೇಗ ಮೇಲೆದ್ದಿದ್ದರೆ ಬಹುತೇಕ ಇದೇ. ಆದರೆ ರಾತ್ರಿ ಇನ್ಸುಲಿನ್ ತಗೊಳ್ತಾರೆ ಅಂದಿದ್ದೀರಿ, ಅದರಿಂದ ಶುಗರ್ ನಿಜವಾಗಿಯೂ ಇಳಿದಿರಬಹುದು, ಹಾಗಾಗಿ ಗ್ರಾಫ್ ನೋಡದೆ ಖಚಿತವಾಗಿ ಹೇಳಲಾರೆ.

ಇವತ್ತು ಅಲಾರಂ ಆದರೆ ಎಬ್ಬಿಸಿ ಕೂರಿಸಿ, ಕೈ ತೊಳೆಸಿ, ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿ. ಗ್ಲುಕೋಮೀಟರಿನಲ್ಲೂ 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ. ಆಗ ಸೆನ್ಸರ್ ನಂಬಬೇಡಿ, ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಅದನ್ನೇ ನೋಡಿದರೆ ಸುಮ್ನೆ ಗಾಬರಿಯಾಗಿ ಸಕ್ಕರೆ ಜಾಸ್ತಿ ಕೊಟ್ಟುಬಿಡ್ತೀರಿ. ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ ಇನ್ಸುಲಿನ್ ಡೋಸ್ ಬಗ್ಗೆ ಕೇಳಿ.

ಬೆವರು, ನಡುಕ, ತೊದಲು ಕಂಡರೆ ಚುಚ್ಚುವುದಕ್ಕೂ ಕಾಯಬೇಡಿ, ಸಕ್ಕರೆ ಮೊದಲು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಬೆರಳಿನ ರೀಡಿಂಗ್ ಸರಿ ಇದ್ದರೆ ಮುಂದಿನ ಸೆನ್ಸರನ್ನು ಇನ್ನೊಂದು ತೋಳಿನ ಹಿಂಭಾಗಕ್ಕೆ ಹಾಕಿಸಿ. ಹೊಸದರಲ್ಲಿ ಮೊದಲ ದಿನ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು.