ನಿಮ್ಮ ಬೆರಳಿನ ಗಾಯ ಭ್ರಮೆಯಲ್ಲ

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ಅತ್ತೆಗೆ ಮರೆವಿನ ಕಾಯಿಲೆ ಬಂದು ನಾಲ್ಕು ವರ್ಷವಾಯಿತು. ಹಗಲೂ ರಾತ್ರಿ ನೋಡಿಕೊಳ್ಳುವವರು ಇವರೊಬ್ಬರೇ. ಈಚೆಗೆ ಬಿಪಿ ಏರಿದೆ, ಮೇಲಿಂದ ಮೇಲೆ ನೆಗಡಿ. ಈಳಿಗೆಮಣೆ ತಾಗಿದ ಬೆರಳು ತಿಂಗಳಾದರೂ ಮಾಯುತ್ತಿಲ್ಲ. ಮನೆಯವರು ಮಾತ್ರ 'ಸುಮ್ನೆ ಟೆನ್ಶನ್ ಮಾಡ್ಕೋತೀಯ, ಎಲ್ಲಾ ನಿನ್ನ ಭ್ರಮೆ' ಅನ್ನುತ್ತಾರಂತೆ. ಇದು ನಿಜವೇ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಖಂಡಿತ ನಿಜವಲ್ಲ. ಬೆರಳಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಓಹಿಯೋದಲ್ಲಿ ಮನಶ್ಶಾಸ್ತ್ರಜ್ಞೆ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದವರು ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು. ಜೊತೆಗೆ, ಹೆಚ್ಚುಕಡಿಮೆ ಅದೇ ವಯಸ್ಸು, ಅದೇ ವರಮಾನದ, ಆದರೆ ಅಂಥ ಹೊಣೆ ಇಲ್ಲದ ಇನ್ನೂ 13 ಜನ. ಎಲ್ಲರ ತೋಳಿನ ಮೇಲೂ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿದರು. ಆಗಾಗ ಫೋಟೊ ತೆಗೆದರು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ನೊರೆ ಬರದಿದ್ದರೆ ಗಾಯ ಮಾಯಿತೆಂದು ಲೆಕ್ಕ. ರೋಗಿಯನ್ನು ನೋಡಿಕೊಳ್ಳುವವರ ಗಾಯ ಮಾಯಲು ಸರಾಸರಿ 9 ದಿನ ಜಾಸ್ತಿ ಹಿಡಿಯಿತು. ಚರ್ಮಕ್ಕೆ ಭ್ರಮೆ ಬರುವುದಿಲ್ಲ, ಅಲ್ವಾ?

ರಾತ್ರಿ ಅತ್ತೆ ಎದ್ದು ಬಾಗಿಲ ಚಿಲಕ ತೆಗೆಯುತ್ತಾರೆ, ಆ ಸದ್ದಿಗೇ ಎದೆ ಹೊಡೆದುಕೊಳ್ಳುತ್ತದೆ ಎಂದು ಬರೆದಿದ್ದೀರಿ. ಆ ಕ್ಷಣ ಮೆದುಳಿನಿಂದ ಅಡ್ರಿನಲ್ ಗ್ರಂಥಿಗಳಿಗೆ ಸುದ್ದಿ ಹೋಗುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿಗಳವು. ಅಡ್ರಿನಲಿನ್ ಹರಿದು ಎದೆಬಡಿತ, ಬಿಪಿ ಏರುತ್ತವೆ. ಹಿಂದೆಯೇ ಅದೇ ಗ್ರಂಥಿಗಳ ಇನ್ನೊಂದು ಹಾರ್ಮೋನು ಕಾರ್ಟಿಸಾಲ್ ಬಂದು, ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುವಂತೆ ಮಾಡುತ್ತದೆ. ಒಂದು ಗಳಿಗೆಯ ಅಪಾಯಕ್ಕೆ ಇದು ಒಳ್ಳೆಯ ಏರ್ಪಾಡು. ಆದರೆ ನಿಮಗೆ ಇದು ದಿನಾ ರಾತ್ರಿಯ ಪಾಡು. ಕಾರ್ಟಿಸಾಲ್ ರಾತ್ರಿ ಇಳಿಯಬೇಕು, ಬೆಳಗಿನ ಜಾವಕ್ಕೆ ಏರಬೇಕು. ನಿದ್ದೆ ಕೆಟ್ಟರೆ ಆ ಲಯವೂ ತಪ್ಪುತ್ತದೆ. ಸೋಂಕಿನ ವಿರುದ್ಧ ಹೋರಾಡುವ, ಗಾಯ ಮಾಯಿಸುವ ಕಣಗಳ ಕೆಲಸವೂ ಮಂದವಾಗುತ್ತದೆ. ನೆಗಡಿ ಮತ್ತೆ ಮತ್ತೆ ಬರಲು ಇದೂ ಒಂದು ಕಾರಣ ಇರಬಹುದು.

ಹಾಗಂತ ಎಲ್ಲವನ್ನೂ ಸ್ಟ್ರೆಸ್ ಮೇಲೆ ಹಾಕಿ ಕೂರಬೇಡಿ. ತಿಂಗಳಾದರೂ ಮಾಯದ ಗಾಯ ಅಂದರೆ ಮೊದಲು ಶುಗರ್ ನೋಡಿಸಬೇಕು. ಈ ವಾರವೇ ಹೋಗಿ. ಖಾಲಿ ಹೊಟ್ಟೆಯ ರಕ್ತಪರೀಕ್ಷೆ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಎರಡನ್ನೂ ಕೇಳಿ. ಡಾಕ್ಟರು ಕೇಳದಿದ್ದರೂ ಅತ್ತೆಯ ವಿಷಯ, ರಾತ್ರಿ ನಿದ್ದೆಯ ವಿಷಯ ಬಾಯಿಬಿಟ್ಟು ಹೇಳಿ.

ಇನ್ನು ನಿಮ್ಮ ಮನೆಯವರಿಗೆ ಒಂದು ಮಾತು. 'ಟೆನ್ಶನ್ ಮಾಡ್ಕೋಬೇಡ' ಅಂದರೆ ಯಾರ ಬಿಪಿಯೂ ಇಳಿಯುವುದಿಲ್ಲ. ವಾರದಲ್ಲಿ ಎರಡು ರಾತ್ರಿಯಾದರೂ ಅಮ್ಮನ ಕೋಣೆಯಲ್ಲಿ ನೀವು ಮಲಗಿ. ಇವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬೆಳಗಿನವರೆಗೆ ನಿದ್ದೆ ಮಾಡಲಿ. ನಾಲ್ಕು ವರ್ಷ ಇವರು ಹೊತ್ತದ್ದು ನಿಮ್ಮ ತಾಯಿಯ ಆರೈಕೆಯನ್ನು.

ಮನಸ್ಸು ತೀರಾ ಸೋತಾಗ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಶುಗರ್ ರಿಪೋರ್ಟ್ ಬಂದ ಮೇಲೆ ನಮಗೂ ಒಂದು ಕಾಗದ ಹಾಕಿ.