"ಅಮ್ಮಾ, ಇಷ್ಟೊಂದು ಜಾಗ ಖಾಲಿ ಇತ್ತಾ?"

ಟೆಕ್ಸಾಸ್‌ನಿಂದ ಬರೆದಿರುವ ಗದಗಿನ ಸಹೋದರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರಿಗಾಗಿ ಅದರ ತಿರುಳು ಇಷ್ಟು: ನಿಮ್ಮ ಮಗಳಿಗೆ ಹತ್ತು ವರ್ಷ. ಶಾಲೆಯಲ್ಲಿ ಅಮೆರಿಕ ಹೇಗೆ ದೊಡ್ಡದಾಯಿತು ಅನ್ನುವ ಪಾಠ ನಡೆಯುತ್ತಿದೆ. ಮೊನ್ನೆ ಭೂಪಟಕ್ಕೆ ಬಣ್ಣ ಹಚ್ಚಿಕೊಂಡು ಬಂದಳು. 1783ರ ನೆಲಕ್ಕೆ ಒಂದು ಬಣ್ಣ, 1803ಕ್ಕೆ ಇನ್ನೊಂದು, 1845ಕ್ಕೆ ಮತ್ತೊಂದು. ಊಟಕ್ಕೆ ಕೂತಾಗ "ಅಮ್ಮಾ, ಇಷ್ಟೊಂದು ಜಾಗ ಖಾಲಿ ಇತ್ತಾ?" ಅಂತ ಕೇಳಿದಳು. ನೀವು ಏನೋ ಹೇಳಿ ಮಾತು ಮರೆಸಿದಿರಿ. ಹೆಮ್ಮೆಯ ಕಥೆ ಹೇಳಬೇಕಾ, ಅನ್ಯಾಯದ ಕಥೆ ಹೇಳಬೇಕಾ, ಇಷ್ಟು ಸಣ್ಣವಳಿಗೆ ಗುಲಾಮಗಿರಿಯ ವಿಷಯ ಬೇಕಾ ಎಂದು ನನ್ನನ್ನು ಕೇಳಿದ್ದೀರಿ.

ಎರಡನ್ನೂ ಹೇಳಿ, ಆದರೆ ಎರಡು ಕಥೆ ಮಾಡಬೇಡಿ. ನೆಲ ಬೆಳೆದದ್ದು, ದುಡ್ಡು ಬೆಳೆದದ್ದು, ಜನ ಸಂಕಟಪಟ್ಟದ್ದು ಎಲ್ಲವೂ ಒಂದೇ ಕಥೆ. ಅವಳ ಪ್ರಶ್ನೆ ತುಂಬಾ ಒಳ್ಳೆಯ ಪ್ರಶ್ನೆ. ಅಲ್ಲಿಂದಲೇ ಶುರುಮಾಡಿ.

1803ರ ಬಣ್ಣವನ್ನು ತೋರಿಸಿ. ಫ್ರಾನ್ಸಿನ ನೆಪೋಲಿಯನ್ 1.5 ಕೋಟಿ ಡಾಲರಿಗೆ ಲೂಸಿಯಾನ ಪ್ರದೇಶವನ್ನು ಅಮೆರಿಕಕ್ಕೆ ಮಾರಿದ. ಸುಮಾರು 21 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದಂಥ ಹನ್ನೊಂದು ರಾಜ್ಯ ಅಂತ ಹೇಳಿದರೆ ಅವಳಿಗೆ ಅಂದಾಜು ಸಿಗುತ್ತದೆ. ಅವನು ಯಾಕೆ ಮಾರಿದ? ಈಗಿನ ಹೈಟಿಯಲ್ಲಿ ಗುಲಾಮರಾಗಿದ್ದವರು ಎದ್ದು ನಿಂತು ಹೋರಾಡಿದರು. ಆ ಹೋರಾಟ ಮತ್ತು ಹಳದಿ ಜ್ವರದ ನಡುವೆ ಅವನ ಸೈನ್ಯ ನುಚ್ಚುನೂರಾಯಿತು. ಯುರೋಪಿನ ಯುದ್ಧಕ್ಕೆ ದುಡ್ಡೂ ಬೇಕಿತ್ತು. ಆದರೆ ಮಾರಿದ ನೆಲದ ಬಹುಪಾಲು ಅವನ ವಶದಲ್ಲೇ ಇರಲಿಲ್ಲ. ಓಸೇಜ್, ಪಾನಿ, ಲಕೋಟಾ, ಮ್ಯಾಂಡನ್ ಹೀಗೆ ಎಷ್ಟೋ ಜನಾಂಗಗಳು ಅಲ್ಲಿ ಬದುಕುತ್ತಿದ್ದವು. ಪ್ಯಾರಿಸ್ಸಿನಲ್ಲಿ ರುಜು ಹಾಕುವಾಗ ಅವರನ್ನು ಯಾರೂ ಕೇಳಲಿಲ್ಲ. "ನಮ್ಮ ಮನೆಯನ್ನು ನಮ್ಮನ್ನು ಕೇಳದೆ ಪಕ್ಕದ ಬೀದಿಯವರು ಮಾರಿದರೆ?" ಅಂತ ಕೇಳಿ ನೋಡಿ. ಹತ್ತು ವರ್ಷದ ಮಗುವಿಗೆ ಅರ್ಥವಾಗದ್ದೇನೂ ಇಲ್ಲ ಇದರಲ್ಲಿ.

ಇನ್ನು ಗುಲಾಮಗಿರಿ. ಇದಕ್ಕೆ ಪುಸ್ತಕಕ್ಕಿಂತ ಮೊದಲು ಒಂದು ಒಡೆದ ಹತ್ತಿಕಾಯಿ ತನ್ನಿ. ಟೆಕ್ಸಾಸ್‌ನಲ್ಲಿ ಹತ್ತಿಗೆ ಬರವಿಲ್ಲ. ಅವಳ ಕೈಗೆ ಕೊಟ್ಟು, ಅರಳೆಯಿಂದ ಕಾಳು ಬೇರೆ ಮಾಡಲು ಹೇಳಿ. ನಾನು ಚಿಕ್ಕವನಿದ್ದಾಗ ಅಜ್ಜಿ ದೀಪದ ಬತ್ತಿಗೆ ಅಂತ ಈ ಕೆಲಸ ಹಚ್ಚುತ್ತಿದ್ದರು. ಕಾಳು ಎಳೆಯನ್ನು ಬಿಡುವುದೇ ಇಲ್ಲ, ಉಗುರು ಹಾಕಿ ಕೀಳಬೇಕು. ಕಿತ್ತರೂ ನವಿರು ಅಂಟಿಕೊಂಡಿರುತ್ತದೆ. ಅರ್ಧ ತಾಸಾದರೂ ನನ್ನ ಮುಂದೆ ಒಂದು ಹಿಡಿ ಅರಳೆ ಇರುತ್ತಿರಲಿಲ್ಲ, ಬೆರಳ ತುದಿ ಮಾತ್ರ ಉರಿಯುತ್ತಿತ್ತು.

ಅವಳಿಗೂ ಬೆರಳು ನೋಯಲಿ. ಆಮೇಲೆ ಹೇಳಿ: ಕೈಯಲ್ಲಿ ಬಿಡಿಸಿದರೆ ಒಬ್ಬರಿಗೆ ದಿನಕ್ಕೆ ಸುಮಾರು ಒಂದು ಪೌಂಡ್ ಅರಳೆ ಸಿಗುತ್ತಿತ್ತು. 1793ರಲ್ಲಿ ಎಲೈ ವಿಟ್ನಿ ಕಾಳು ಬಿಡಿಸುವ ಯಂತ್ರ ಮಾಡಿದ. ಅದೇ ನಮ್ಮ ಕಡೆಯ ಜಿನ್. ದಿನಕ್ಕೆ ಐವತ್ತು ಪೌಂಡ್ ಬರತೊಡಗಿತು. ಯಂತ್ರ ಬಂದರೆ ಕೂಲಿಯವರ ಕಷ್ಟ ಕಡಿಮೆಯಾಗಬೇಕು, ಅಲ್ವಾ? ಆದದ್ದು ಉಲ್ಟಾ. ಕಾಳು ಬಿಡಿಸುವುದು ಸುಲಭವಾದ ಮೇಲೆ ಹತ್ತಿ ಬೆಳೆದಷ್ಟೂ ಲಾಭ. ಬಿತ್ತುವುದು, ಕಳೆ ತೆಗೆಯುವುದು, ಹೊಲದಲ್ಲಿ ಬಗ್ಗಿ ಹತ್ತಿ ಬಿಡಿಸುವುದು ಎಲ್ಲಾ ಇನ್ನೂ ಕೈಯಿಂದಲೇ ಆಗಬೇಕಿತ್ತು. 1790ರಲ್ಲಿ ಆ ದೇಶದಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. 1860ರ ಹೊತ್ತಿಗೆ ಸುಮಾರು 40 ಲಕ್ಷ. ಆಗ ಅಮೆರಿಕ ಹೊರದೇಶಕ್ಕೆ ಮಾರುತ್ತಿದ್ದ ಸರಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಲೆ ಹತ್ತಿಯದೇ. ಹೊಸ ಹೊಲಗಳಿಗಾಗಿ ಸುಮಾರು 10 ಲಕ್ಷ ಜನರನ್ನು ಹಳೆಯ ರಾಜ್ಯಗಳಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ ಸಾಗಿಸಿದರು. ಎಷ್ಟೋ ತಾಯಂದಿರು ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಮಾರಾಟವಾದರು. ಚಾಟಿಯ ವಿವರ ಈಗಲೇ ಬೇಡ. ತಾಯಿಯಿಂದ ಮಗುವನ್ನು ಬೇರೆ ಮಾಡಿದರು ಅನ್ನುವುದನ್ನು ಮಾತ್ರ ಮುಚ್ಚಿಡಬೇಡಿ.

ಆ ಹೊಸ ಹೊಲ ಎಲ್ಲಿಂದ ಬಂತು? ಇಲ್ಲಿ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಒಂದು ಸಂಗತಿ ಇದೆ. ಜಾರ್ಜಿಯಾ ಸುತ್ತಮುತ್ತಲಿನ ಮೂಲನಿವಾಸಿಗಳಾದ ಚೆರೊಕೀ ಜನಾಂಗದ ಸೆಕ್ವೋಯಾ ಎಂಬಾತ 1821ರ ಸುಮಾರಿಗೆ ತನ್ನ ಭಾಷೆಗೆ ಲಿಪಿ ಮಾಡಿದ. ಇಂಗ್ಲಿಷಿನ ಹಾಗಲ್ಲ, ನಮ್ಮ ಕ, ಕಿ, ಕು ಇದ್ದಂತೆ ಒಂದು ಉಚ್ಚಾರಕ್ಕೆ ಒಂದು ಅಕ್ಷರ. ಈಗ 85 ಅಕ್ಷರ ಬಳಕೆಯಲ್ಲಿವೆ. ಕೆಲವೇ ವರ್ಷಗಳಲ್ಲಿ ಆ ಜನ ಓದು ಬರಹ ಕಲಿತುಬಿಟ್ಟರು. 1828ರಲ್ಲಿ 'ಚೆರೊಕೀ ಫೀನಿಕ್ಸ್' ಎಂಬ ಪತ್ರಿಕೆಯನ್ನೂ ತಂದರು. 1830ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮೂಲನಿವಾಸಿಗಳನ್ನು ಮಿಸಿಸಿಪ್ಪಿಯ ಆಚೆಗೆ ಸಾಗಿಸುವ ಕಾಯ್ದೆಗೆ ರುಜು ಹಾಕಿದ. 1835ರಲ್ಲಿ ಜಾರ್ಜಿಯಾದ ಕಾವಲು ಪಡೆ ಬಂದು ಆ ಪತ್ರಿಕೆಯ ಮುದ್ರಣಯಂತ್ರವನ್ನೇ ಹೊತ್ತುಕೊಂಡು ಹೋಯಿತು. 1838–39ರಲ್ಲಿ ಸುಮಾರು 16,000 ಚೆರೊಕೀ ಜನರನ್ನು ಮನೆಗಳಿಂದ ಎಬ್ಬಿಸಿ ಹೊರಡಿಸಿದರು. ಚಳಿ, ಕಾಯಿಲೆ, ಹಸಿವಿನಿಂದ ಸುಮಾರು 4,000 ಜನ ತೀರಿಕೊಂಡರು. ಬಿಟ್ಟುಹೋದ ನೆಲಕ್ಕೆ ಬೇರೆಯವರು ಬಂದರು. ನಿಮ್ಮ ಮಗಳು ತನ್ನ ಹೆಸರನ್ನು ಕನ್ನಡದಲ್ಲಿ ಬರೆಯುತ್ತಾಳೆ ಅಂದಿದ್ದೀರಿ. ಪಕ್ಕದಲ್ಲಿ ಚೆರೊಕೀ ಅಕ್ಷರದಲ್ಲೂ ಬರೆಸಿ.

ಕಟ್ಟಿದ್ದನ್ನೂ ಅಷ್ಟೇ ಪ್ರೀತಿಯಿಂದ ಹೇಳಿ. 1825ರಲ್ಲಿ ತೆರೆದ ಈರಿ ಕಾಲುವೆ 363 ಮೈಲಿ ಉದ್ದ. ಜನ ಗುದ್ದಲಿ ಹಿಡಿದು ತೋಡಿದ್ದು. ಬಫಲೋದಿಂದ ನ್ಯೂಯಾರ್ಕಿಗೆ ಒಂದು ಟನ್ ಸರಕು ಸಾಗಿಸಲು ಸುಮಾರು 100 ಡಾಲರ್ ಆಗುತ್ತಿದ್ದದ್ದು 10 ಡಾಲರಿನ ಹತ್ತಿರಕ್ಕೆ ಇಳಿಯಿತು. ರೈಲು, ಚಿನ್ನ, ಅಲಾಸ್ಕವನ್ನೆಲ್ಲ ಶಾಲೆಯಲ್ಲೇ ಹೇಳಿಕೊಡುತ್ತಾರೆ. 1845ರ ಬಣ್ಣದ ಬಗ್ಗೆ ಮಾತ್ರ ನೀವು ಹೇಳಿ, ಯಾಕೆಂದರೆ ಅದು ನೀವಿರುವ ನೆಲ. ಟೆಕ್ಸಾಸ್ ಮೊದಲು ಮೆಕ್ಸಿಕೋದ ಭಾಗವಾಗಿತ್ತು. 1829ರಲ್ಲಿ ಮೆಕ್ಸಿಕೋ ಗುಲಾಮಗಿರಿಯನ್ನು ರದ್ದು ಮಾಡಿತು. ಗುಲಾಮರನ್ನು ಇಟ್ಟುಕೊಂಡು ಹತ್ತಿ ಬೆಳೆಯಲು ಬಂದಿದ್ದ ವಲಸೆಗಾರರಿಗೆ ಅದು ಒಪ್ಪಿಗೆಯಾಗಲಿಲ್ಲ. 1836ರಲ್ಲಿ ಅವರು ಮೆಕ್ಸಿಕೋದಿಂದ ಬೇರೆಯಾಗಲು ಅದೂ ಒಂದು ಕಾರಣ. 1845ರಲ್ಲಿ ಅಮೆರಿಕಕ್ಕೆ ಸೇರಿಕೊಂಡರು.

"ನಾವು ಹೊರಗಿನವರು, ನಮಗೆ ಈ ಕಥೆಯಲ್ಲಿ ಏನಿದೆ" ಅಂತ ಬರೆದಿದ್ದೀರಿ. ಗದಗಿನವರು ಹಾಗನ್ನಬಾರದು. 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೀಜ ನಿಮ್ಮ ಎರೆಹೊಲಗಳಿಗೇ ಬಂತು. 'ಧಾರವಾಡ ಅಮೆರಿಕನ್' ಅಂತಲೇ ಅದಕ್ಕೆ ಹೆಸರಾಯಿತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸಲು ಘಟ್ಟದಲ್ಲಿ ರಸ್ತೆ ಮಾಡಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಲ್ಲೂ ಆ ಬಂದರಿನ ಕೈವಾಡವಿದೆ. ಮುಂದಿನ ಸಲ ಅಜ್ಜನ ಜೊತೆ ವಿಡಿಯೊ ಕಾಲ್ ಮಾಡುವಾಗ ಮಗಳೇ ಕೇಳಲಿ, ಊರಿನಲ್ಲಿ ಹತ್ತಿ ಬೆಳೆಯುತ್ತಿದ್ದರಾ, ಜಿನ್ ಎಲ್ಲಿತ್ತು ಅಂತ.

ಆಮೇಲೆ ಆ ಭೂಪಟವನ್ನು ಮತ್ತೆ ಹರಡಿಕೊಂಡು ಕೂತುಕೊಳ್ಳಿ. ಒಂದೊಂದು ಬಣ್ಣದ ಮೇಲೂ ಪೆನ್ಸಿಲ್‌ನಲ್ಲಿ ಅಲ್ಲಿದ್ದವರ ಹೆಸರು ಬರೆಯಲಿ. ಮುಗಿದ ಮೇಲೆ ಒಂದು ಫೋಟೋ ಕಳಿಸಿ, ಮಕ್ಕಳ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ