ಬಡವರ ಮಕ್ಕಳನ್ನು ತಿನ್ನಬೇಕು ಎಂದು ಸ್ವಿಫ್ಟ್ ನಿಜವಾಗಿಯೂ ಹೇಳಿದ್ದನಾ?

ಇಲ್ಲ, ಐರಿಶ್ ಲೇಖಕ ಸ್ವಿಫ್ಟ್‌ನ 1729ರ ಪ್ರಬಂಧ 'ಎ ಮಾಡೆಸ್ಟ್ ಪ್ರಪೋಸಲ್' ಒಂದು ವಿಡಂಬನೆ. ಐರ್ಲೆಂಡಿನ ಬಡವರ ಒಂದು ವರ್ಷದ ಕೂಸುಗಳನ್ನು ಶ್ರೀಮಂತರ ಊಟಕ್ಕೆ ಮಾರೋಣ ಎನ್ನುವುದು ಜೊನಾಥನ್ ಸ್ವಿಫ್ಟ್ ಅಲ್ಲ, ಅವನು ಕಟ್ಟಿದ ಪಾತ್ರ. ಆ ಪಾತ್ರ ಮಕ್ಕಳ ತೂಕ, ಬೆಲೆ, ಲಾಭವನ್ನು ತಣ್ಣಗೆ ಲೆಕ್ಕ ಹಾಕುತ್ತದೆ. ಓದುವಾಗ ಮೈ ಉರಿಯುವುದು ಅದಕ್ಕೇ. ಬಡವರನ್ನು ಬರೀ ಅಂಕಿಗಳಾಗಿ ನೋಡುವವರ ಧಾಟಿಯೇ ಅದು, ಅಲ್ವಾ? ಜಮೀನ್ದಾರರು ಅಪ್ಪ ಅಮ್ಮಂದಿರನ್ನು ಆಗಲೇ ತಿಂದಿದ್ದಾರೆ, ಮಕ್ಕಳ ಮೇಲೂ ಅವರಿಗೇ ಹಕ್ಕು ಜಾಸ್ತಿ ಎಂಬ ಮಾತಂತೂ ನೇರ ಏಟು.

ಸ್ವಿಫ್ಟ್‌ನ ಸ್ವಂತ ಅಭಿಪ್ರಾಯ ಬೇಕಿದ್ದರೆ ಕೊನೆಯ ಭಾಗ ಓದಿ. ಐರ್ಲೆಂಡಿನ ಹೊರಗೆ ಕೂತ ಜಮೀನ್ದಾರರಿಗೆ ತೆರಿಗೆ, ದೇಶದಲ್ಲೇ ತಯಾರಾದ ಬಟ್ಟೆ, ಗೇಣಿದಾರರ ಮೇಲೆ ಕರುಣೆ: ಇವನ್ನೆಲ್ಲ ಎತ್ತಲೇಬೇಡಿ ಎಂದು ಪಾತ್ರ ತಳ್ಳಿಹಾಕುತ್ತದೆ. ಸ್ವಿಫ್ಟ್‌ಗೆ ಬೇಕಿದ್ದದ್ದು ಅವೇ. ಐರಿಶ್ ಬಟ್ಟೆಯನ್ನೇ ತೊಡಿ ಎಂದು ಅವನು 1720ರಲ್ಲೇ ಬರೆದಿದ್ದ.